ಬೆಕ್ಕು ಸದಾ ಮೈ ಕೆರೆದುಕೊಳ್ಳುತ್ತಿದೆಯೇ? ಮೊದಲು ಕಾರಣ ನೋಡಿ, ಆಮೇಲೆ ಔಷಧ ಹಚ್ಚಿ

ಮಿರಜದ ಪೂರ್ವಕ್ಕಿರುವ ಆರಗ, ಬೇಡಗ, ಸಲಗರೆ ಕಡೆಯ ಊರುಗಳಲ್ಲಿ ಬೆಕ್ಕಿಲ್ಲದ ಓಣಿ ಸಿಗುವುದು ಕಷ್ಟ. ಜೋಳದ ಚೀಲಕ್ಕೆ ಇಲಿ, ದನದ ಹಿಂಡಿಗೆ ಇಲಿ, ದ್ರಾಕ್ಷಿ ತೋಟದ ಡ್ರಿಪ್ ಪೈಪಿಗೂ ಇಲಿ. ಕನ್ನಡದಲ್ಲಿ ಬೆಕ್ಕು ಎನ್ನಿ, ಮರಾಠಿಯಲ್ಲಿ ಮಾಂಜರ ಎನ್ನಿ, ಇಲಿ ಹಿಡಿಯುವ ಕೆಲಸ ಅದರದೇ. ನೂರು ವರ್ಷದ ಹಿಂದೆ ಈ ಭಾಗವನ್ನೆಲ್ಲ ಪ್ಲೇಗ್ ಕಾಡುತ್ತಿದ್ದಾಗ ಭಾರತದಲ್ಲಿ ಸೇವೆಯಲ್ಲಿದ್ದ ಬುಕಾನನ್ ಎಂಬ ಬ್ರಿಟಿಷ್ ವೈದ್ಯಾಧಿಕಾರಿ, ಬೆಕ್ಕು ಸಾಕಿದ ಮನೆಗೆ ಇಲಿ ಬರುವುದಿಲ್ಲ, ಇಲಿ ಬರದಿದ್ದರೆ ಪ್ಲೇಗ್ ಬರುವುದಿಲ್ಲ ಎಂದು ವಾದಿಸಿ 1908ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲೇ ಬರೆದಿದ್ದರು.

ಇಷ್ಟು ಉಪಕಾರಿಯಾದ ಪ್ರಾಣಿಗೆ ಕಾಯಿಲೆ ಬಂದಾಗ ಮಾತ್ರ ನಾವು ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಎಮ್ಮೆ ಮೇವು ಬಿಟ್ಟರೆ ಅದೇ ದಿನ ಡಾಕ್ಟರ ಬರುತ್ತಾರೆ. ಬೆಕ್ಕು ಮೈ ಕೆರೆದುಕೊಂಡು ಹುಣ್ಣು ಮಾಡಿಕೊಂಡರೆ ಕೊಟ್ಟಿಗೆಯ ಗೂಡಿನಲ್ಲಿದ್ದ ಬಾಟಲಿ ತೆಗೆದು ಹಚ್ಚಿಬಿಡುತ್ತೇವೆ. ಅಪಾಯ ಇರುವುದು ಅಲ್ಲಿಯೇ. ತುರಿಕೆಯಿಂದ ಬೆಕ್ಕು ಸಾಯುವುದು ಅಪರೂಪ. ತುರಿಕೆಗೆಂದು ಹಚ್ಚಿದ ತಪ್ಪು ಔಷಧದಿಂದ ಒಂದೇ ರಾತ್ರಿಯಲ್ಲಿ ಸಾಯಬಹುದು. ಆದ್ದರಿಂದ ಬೆಕ್ಕು ಏಕೆ ಕೆರೆದುಕೊಳ್ಳುತ್ತದೆ, ಮನೆಯಲ್ಲಿ ಏನು ಮಾಡಬಹುದು, ಏನನ್ನು ಎಂದಿಗೂ ಮಾಡಬಾರದು ಎಂಬ ಮಾಹಿತಿ ಇಲ್ಲಿದೆ.

ಎಷ್ಟು ಕೆರೆದರೆ ಹೆಚ್ಚು?

ಮೈ ನೆಕ್ಕಿ ಸ್ವಚ್ಛ ಮಾಡಿಕೊಳ್ಳುವುದು ಬೆಕ್ಕಿನ ಹುಟ್ಟುಗುಣ. ಎಚ್ಚರವಿರುವ ಹೊತ್ತಿನಲ್ಲಿ ಒಂದಷ್ಟು ಕಾಲ ಅದು ಇದೇ ಕೆಲಸದಲ್ಲಿರುತ್ತದೆ. ಆಗೊಮ್ಮೆ ಈಗೊಮ್ಮೆ ಕಿವಿಯ ಹಿಂದೆ ಕಾಲಿನಿಂದ ಕೆರೆದುಕೊಂಡರೆ ಚಿಂತೆ ಬೇಡ. ಆದರೆ ಈ ಕೆಳಗಿನ ಲಕ್ಷಣ ಕಂಡರೆ ಗಮನ ಕೊಡಿ.

- ಊಟ ಮಾಡುವಾಗ, ಮಲಗಿದಾಗಲೂ ನಡುವೆ ಎದ್ದು ಕೆರೆದುಕೊಳ್ಳುವುದು.
- ಒಂದೇ ಜಾಗವನ್ನು ಬಿಡದೆ ನೆಕ್ಕುವುದು, ಕಚ್ಚುವುದು.
- ಕೂದಲು ಉದುರಿ ಚರ್ಮ ಕಾಣುವುದು. ಕೂದಲು ತುಂಡಾಗಿ ಕೈಗೆ ಒರಟು ಹತ್ತುವುದು.
- ಚರ್ಮದ ಮೇಲೆ ಸಣ್ಣ ಗುಳ್ಳೆ, ಹಕ್ಕಳೆ, ರಕ್ತದ ಗೀರು.
- ತಲೆ ಜಾಡಿಸುವುದು, ಕಿವಿ ಒಂದು ಕಡೆ ವಾಲುವುದು.

ಇನ್ನೊಂದು ಮಾತು. ತುರಿಕೆ ಇರುವ ಎಲ್ಲ ಬೆಕ್ಕುಗಳೂ ಉಗುರಿನಿಂದ ಕೆರೆಯುವುದಿಲ್ಲ. ಕೆಲವು ಸದ್ದಿಲ್ಲದೆ ಮೂಲೆಯಲ್ಲಿ ಕುಳಿತು ನೆಕ್ಕುತ್ತಲೇ ಇರುತ್ತವೆ. ಹೊಟ್ಟೆಯ ಕೂದಲು ಸವೆದು ಬೋಳಾದ ಮೇಲೆಯೇ ಮನೆಯವರಿಗೆ ಗೊತ್ತಾಗುತ್ತದೆ.

ಎಲ್ಲಿ ಕೆರೆಯುತ್ತಿದೆ ಎಂಬುದೇ ಅರ್ಧ ಉತ್ತರ

ಬೆಕ್ಕನ್ನು ಬಿಸಿಲು ಬೆಳಕಿನಲ್ಲಿ ಮಡಿಲ ಮೇಲೆ ಕೂರಿಸಿಕೊಂಡು ಕೂದಲು ಸರಿಸಿ ನೋಡಿ. ಜಾಗವನ್ನು ನೋಡಿ ಕಾರಣವನ್ನು ಸ್ವಲ್ಪಮಟ್ಟಿಗೆ ಊಹಿಸಬಹುದು.

- ಬಾಲದ ಬುಡ, ಸೊಂಟ, ಹಿಂದೊಡೆ, ಕುತ್ತಿಗೆ: ಹೆಚ್ಚಾಗಿ ಚಿಗಟ.
- ಕಿವಿಯ ಅಂಚು, ಹಣೆ, ಮುಖ, ಕತ್ತು: ಕಜ್ಜಿ ಹುಳ. ಕೆಲವೊಮ್ಮೆ ಆಹಾರದ ಅಲರ್ಜಿ.
- ಕಿವಿಯ ಒಳಗೆ: ಕಿವಿ ಹುಳ.
- ಮುಖ, ಕಿವಿ, ಮುಂಗಾಲಿನ ಮೇಲೆ ದುಂಡಗೆ ಕೂದಲು ಉದುರಿದ ಕಲೆ: ಹುಳುಕಡ್ಡಿ.
- ಮೂಗಿನ ಮೇಲ್ಭಾಗ, ಕಿವಿಯ ತುದಿ: ಸೊಳ್ಳೆ ಕಡಿತದ ಅಲರ್ಜಿ.
- ಪಾದ, ಬೆರಳ ಸಂದು: ತುಳಿದ ರಾಸಾಯನಿಕ, ಗಾಯ ಅಥವಾ ಅಲರ್ಜಿ.

ಇದು ಊಹೆಗೆ ದಾರಿ ಅಷ್ಟೇ. ಖಚಿತ ಮಾಡುವುದು ವೈದ್ಯರ ಕೆಲಸ.

ಚಿಗಟ: ಮೊದಲು ಅನುಮಾನಿಸಬೇಕಾದದ್ದು ಇದನ್ನೇ

ಬೆಕ್ಕಿನ ತುರಿಕೆಗೆ ಎಲ್ಲ ಕಡೆಯೂ ಅತಿ ಸಾಮಾನ್ಯ ಕಾರಣ ಚಿಗಟ. ಮರಾಠಿಯಲ್ಲಿ ಪಿಸೂ, ಬಹಳ ಇದ್ದರೆ ಪಿಸವಾ ಎನ್ನುತ್ತಾರೆ. 1ರಿಂದ 3 ಮಿ.ಮೀ. ಉದ್ದದ, ಪಕ್ಕದಿಂದ ಚಪ್ಪಟೆಯಾದ, ಕಂದು ಬಣ್ಣದ ಹುಳ. ರೆಕ್ಕೆ ಇಲ್ಲ, ಜಿಗಿಯುತ್ತದೆ. ಮಳೆಗಾಲದ ತೇವ ಮತ್ತು ಶೆಕೆ ಅದಕ್ಕೆ ಬಹಳ ಹಿತ.

"ನಮ್ಮ ಬೆಕ್ಕಿನ ಮೈಮೇಲೆ ಒಂದೂ ಚಿಗಟ ಕಾಣುವುದಿಲ್ಲ" ಎಂದು ಹಲವರು ಹೇಳುತ್ತಾರೆ. ಬೆಕ್ಕು ನೆಕ್ಕಿ ನೆಕ್ಕಿ ಚಿಗಟಗಳನ್ನು ನುಂಗಿಬಿಡುತ್ತದೆ, ಹಾಗಾಗಿ ಕಾಣುವುದಿಲ್ಲ. ಪರೀಕ್ಷೆಗೆ ಒಂದು ಸುಲಭ ಉಪಾಯವಿದೆ. ಬಿಳಿ ಕಾಗದದ ಮೇಲೆ ಬೆಕ್ಕನ್ನು ನಿಲ್ಲಿಸಿ ಹೇನಿನ ಹಣಿಗೆಯಿಂದ ಬಾಲದ ಬುಡದ ಕೂದಲನ್ನು ಬಾಚಿ. ಕರಿ ಪುಡಿ ಉದುರಿದರೆ ಅದರ ಮೇಲೆ ಎರಡು ಹನಿ ನೀರು ಹಾಕಿ. ಪುಡಿ ಕರಗಿ ಕೆಂಪು ಕಂದು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಬಣ್ಣ ಬಿಡದಿದ್ದರೆ ಬರೀ ಮಣ್ಣು.

ಕೆಲವು ಬೆಕ್ಕುಗಳಿಗೆ ಚಿಗಟದ ಜೊಲ್ಲಿನ ಅಲರ್ಜಿ ಇರುತ್ತದೆ. ಅಂಥ ಬೆಕ್ಕಿಗೆ ಒಂದೆರಡು ಕಡಿತ ಸಾಕು, ಅನೇಕ ದಿನ ತುರಿಕೆ ನಿಲ್ಲುವುದಿಲ್ಲ. ಬೆನ್ನಿನ ಮೇಲೆ ಕೈಯಾಡಿಸಿದರೆ ನವಣೆ ಕಾಳು ಅಂಟಿಸಿದಂತೆ ಸಣ್ಣ ಸಣ್ಣ ಹಕ್ಕಳೆ ಸಿಗುತ್ತವೆ.

ಚಿಗಟದ ಲೆಕ್ಕ ತಿಳಿದರೆ ಚಿಕಿತ್ಸೆಯ ಗುಟ್ಟೂ ತಿಳಿಯುತ್ತದೆ. ಹೆಣ್ಣು ಚಿಗಟ ದಿನಕ್ಕೆ 40-50ರವರೆಗೆ ಮೊಟ್ಟೆ ಇಡಬಲ್ಲದು. ಮೊಟ್ಟೆ ಬೆಕ್ಕಿನ ಮೈಗೆ ಅಂಟಿಕೊಳ್ಳದೆ ಕೌದಿಯ ಮೇಲೆ, ಗೋಣಿಚೀಲದ ಮೇಲೆ, ನೆಲದ ಬಿರುಕಿಗೆ ಉದುರುತ್ತದೆ. ಅಲ್ಲಿ ಮರಿಹುಳವಾಗಿ, ಗೂಡು ಕಟ್ಟಿ, ಎರಡು ಮೂರು ವಾರದಲ್ಲಿ ಹೊಸ ಚಿಗಟ ಹೊರಬರುತ್ತದೆ. ಹವೆ ಸರಿಯಿಲ್ಲದಿದ್ದರೆ ಗೂಡಿನೊಳಗೆ ತಿಂಗಳುಗಟ್ಟಲೆ ಕಾಯುತ್ತದೆ. ಬೆಕ್ಕಿನ ಮೈಮೇಲೆ ಇರುವುದು ಒಟ್ಟು ಸಂತಾನದ ಸುಮಾರು ಶೇ. 5 ಮಾತ್ರ. ಉಳಿದ ಶೇ. 95 ನಿಮ್ಮ ಮನೆಯ ಮೂಲೆಯಲ್ಲಿದೆ. ಬೆಕ್ಕಿಗೆ ಮಾತ್ರ ಔಷಧ ಹಾಕಿ ಮನೆ ಬಿಟ್ಟರೆ ತಿಂಗಳಲ್ಲಿ ಮತ್ತೆ ಅದೇ ಕಥೆ.

ಬೆಕ್ಕಿಗೆಂದೇ ತಯಾರಾದ ಹನಿ ಔಷಧಗಳು ಸಾಂಗಲಿ, ಮಿರಜದಂಥ ಪೇಟೆಗಳಲ್ಲಿ ಸಿಗುತ್ತವೆ. ಫಿಪ್ರೋನಿಲ್, ಸೆಲಾಮೆಕ್ಟಿನ್, ಇಮಿಡಾಕ್ಲೋಪ್ರಿಡ್ ಎಂಬ ಹೆಸರುಗಳನ್ನು ಡಬ್ಬಿಯ ಮೇಲೆ ಕಾಣುತ್ತೀರಿ. ವೈದ್ಯರನ್ನು ಕೇಳಿ ಕೊಳ್ಳಿ. ಬಳಸುವಾಗ ನೆನಪಿಡಬೇಕಾದದ್ದು:

- ಡಬ್ಬಿಯ ಮೇಲೆ ಬೆಕ್ಕಿನ ಚಿತ್ರ ಅಥವಾ ಬೆಕ್ಕಿಗೆ ಎಂಬ ಬರಹ ಇರಲೇಬೇಕು.
- ತೂಕಕ್ಕೆ ತಕ್ಕ ಪ್ರಮಾಣ ಮಾತ್ರ ಹಾಕಿ. 8 ವಾರ ತುಂಬದ ಮರಿಗೆ ವೈದ್ಯರನ್ನು ಕೇಳದೆ ಹಾಕಬೇಡಿ.
- ಕುತ್ತಿಗೆಯ ಹಿಂದೆ, ನಾಲಗೆ ಎಟುಕದ ಕಡೆ ಕೂದಲು ಬಿಡಿಸಿ ಚರ್ಮದ ಮೇಲೆಯೇ ಹನಿ ಬಿಡಿ.
- ಹಾಕುವ ಎರಡು ದಿನ ಮೊದಲು ಮತ್ತು ಎರಡು ದಿನ ಆಮೇಲೆ ಸ್ನಾನ ಬೇಡ.
- ಮನೆಯ ಎಲ್ಲ ಬೆಕ್ಕುಗಳಿಗೆ ಒಂದೇ ದಿನ ಹಾಕಿ. ನಾಯಿ ಇದ್ದರೆ ಅದಕ್ಕೆ ನಾಯಿಯದೇ ಔಷಧ ಬೇಕು.
- ತಿಂಗಳಿಗೊಮ್ಮೆಯಂತೆ ಕನಿಷ್ಠ 3 ತಿಂಗಳು ಬಿಡದೆ ಹಾಕಿ.

ತೀರಾ ಚಿಕ್ಕ ಮರಿಗಳಿಗೆ ಔಷಧಕ್ಕಿಂತ ಹಣಿಗೆಯೇ ವಾಸಿ. ಉಗುರು ಬೆಚ್ಚನೆಯ ನೀರಿನಲ್ಲಿ ಪಾತ್ರೆ ತೊಳೆಯುವ ಸೌಮ್ಯ ದ್ರವ ಕಲಸಿಟ್ಟುಕೊಂಡು, ಬಾಚಿದ ಚಿಗಟವನ್ನು ಅದರಲ್ಲಿ ಅದ್ದಿ ಕೊಲ್ಲಿ. ಮರಿಯ ವಸಡು ಬಿಳಿಚಿಕೊಂಡಿದ್ದರೆ ಚಿಗಟಗಳು ರಕ್ತ ಹೀರಿ ಮರಿಗೆ ರಕ್ತಹೀನತೆ ತಂದಿರಬಹುದು. ಅಂಥ ಮರಿ ಬೇಗ ಸಾಯುತ್ತದೆ, ತಡ ಮಾಡದೆ ವೈದ್ಯರಿಗೆ ತೋರಿಸಿ.

ಚಿಗಟ ನುಂಗಿದ ಬೆಕ್ಕಿನ ಹೊಟ್ಟೆಯಲ್ಲಿ ಲಾಡಿಹುಳ ಆಗುವುದೂ ಉಂಟು. ಗುದದ ಬಳಿ ಅಕ್ಕಿ ಕಾಳಿನಂಥ ತುಣುಕು ಕಂಡರೆ ಜಂತುಹುಳದ ಔಷಧವನ್ನೂ ಕೇಳಿ ಪಡೆಯಿರಿ.

ಕಜ್ಜಿ ಹುಳ

ಬೀದಿಯಲ್ಲಿ ತಲೆ ಮತ್ತು ಕಿವಿಯ ಮೇಲೆ ಬೂದಿ ಬಣ್ಣದ ದಪ್ಪ ಹೊಪ್ಪಳೆ ಕಟ್ಟಿದ ಬೆಕ್ಕುಗಳನ್ನು ನೀವು ನೋಡಿರುತ್ತೀರಿ. ಇದು ಬೆಕ್ಕಿನ ಕಜ್ಜಿ, ಮರಾಠಿಯಲ್ಲಿ ಖರೂಜ. ನೋಟೊಎಡ್ರಿಸ್ ಎಂಬ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹುಳ ಚರ್ಮದೊಳಗೆ ಬಿಲ ತೋಡಿ ಮೊಟ್ಟೆ ಇಡುವುದರಿಂದ ಇದು ಬರುತ್ತದೆ. ಮೊದಲು ಕಿವಿಯ ಅಂಚಿನಲ್ಲಿ ಶುರುವಾಗಿ ಮುಖ, ಕತ್ತು, ಮುಂಗಾಲಿಗೆ ಹರಡುತ್ತದೆ. ತುರಿಕೆ ಎಷ್ಟೆಂದರೆ ಬೆಕ್ಕು ರಕ್ತ ಬರುವವರೆಗೂ ಕೆರೆದುಕೊಳ್ಳುತ್ತದೆ. ಮೈಗೆ ಮೈ ತಗಲಿದರೆ ಇನ್ನೊಂದು ಬೆಕ್ಕಿಗೆ ಅಂಟುತ್ತದೆ. ಬಿಟ್ಟರೆ ಬೆಕ್ಕು ಊಟ ಬಿಟ್ಟು ಸೊರಗುತ್ತದೆ.

ವೈದ್ಯರು ಚರ್ಮವನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಹುಳವನ್ನು ಗುರುತಿಸುತ್ತಾರೆ. ಐವರ್ಮೆಕ್ಟಿನ್ ಚುಚ್ಚುಮದ್ದು ಅಥವಾ ಸೆಲಾಮೆಕ್ಟಿನ್ ಹನಿಯಿಂದ ಇದು ಚೆನ್ನಾಗಿ ವಾಸಿಯಾಗುತ್ತದೆ. ಎರಡು ವಾರಕ್ಕೊಮ್ಮೆ ಎರಡು ಮೂರು ಸಲ ಕೊಡಬೇಕಾಗುತ್ತದೆ. ಒಂದು ಸಲಕ್ಕೆ ತುರಿಕೆ ಕಡಿಮೆಯಾಯಿತು ಎಂದು ಬಿಟ್ಟರೆ ಮೊಟ್ಟೆಯಿಂದ ಬಂದ ಹುಳ ಮತ್ತೆ ಬೆಳೆಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ದನಕ್ಕೆ ತಂದ ಐವರ್ಮೆಕ್ಟಿನ್ ಬಾಟಲಿ ಅನೇಕರ ಮನೆಯಲ್ಲಿರುತ್ತದೆ. ಅದರ 1 ಮಿ.ಲೀ.ನಲ್ಲಿ 10 ಮಿ.ಗ್ರಾಂ. ಔಷಧ ಇರುತ್ತದೆ. 3 ಕಿಲೋ ತೂಕದ ಬೆಕ್ಕಿಗೆ ಬೇಕಾದದ್ದು ಸುಮಾರು 0.6 ಮಿ.ಗ್ರಾಂ., ಅಂದರೆ ಒಂದು ಮಿ.ಲೀ.ನ ನೂರರಲ್ಲಿ ಆರು ಪಾಲು. ಅಂದಾಜಿನ ಮೇಲೆ 1 ಮಿ.ಲೀ. ಚುಚ್ಚಿದರೆ ಹದಿನಾರು ಪಟ್ಟಿಗಿಂತ ಹೆಚ್ಚಾಯಿತು. ಬೆಕ್ಕು ತೂರಾಡಿ, ಕಣ್ಣು ಕಾಣದಾಗಿ, ಪ್ರಜ್ಞೆ ತಪ್ಪಿ ಸಾಯಬಹುದು. ಈ ಲೆಕ್ಕ ಕೊಟ್ಟಿದ್ದು ನೀವೇ ಚುಚ್ಚಲಿ ಎಂದಲ್ಲ, ಚುಚ್ಚಬಾರದು ಎಂದು.

ಕಿವಿ ಹುಳ

ಬೆಕ್ಕು ಪದೇ ಪದೇ ತಲೆ ಜಾಡಿಸಿ ಕಿವಿ ಕೆರೆಯುತ್ತಿದ್ದರೆ ಕಿವಿಯೊಳಗೆ ನೋಡಿ. ಚಹಾ ಪುಡಿಯಂಥ ಕರಿ ಕೊಳೆ ತುಂಬಿದ್ದರೆ ಕಿವಿ ಹುಳ ಇರಬಹುದು. ಮರಿಗಳಲ್ಲಿ ಇದು ಬಹಳ. ತಾಯಿಯಿಂದ ಎಲ್ಲ ಮರಿಗಳಿಗೂ ಹರಡುತ್ತದೆ.

ಬೆಂಕಿಕಡ್ಡಿ, ಹೇರ್‌ಪಿನ್ ಹಾಕಿ ಕಿವಿ ಕೆದಕಬೇಡಿ. ಕಾಸಿದ ಎಣ್ಣೆ ಬಿಡಬೇಡಿ. ಕಿವಿಯ ತಮಟೆ ಹರಿದಿದ್ದರೆ ಒಳಗೆ ಬಿಟ್ಟ ದ್ರವ ಒಳಕಿವಿಗೆ ಇಳಿದು ಬೆಕ್ಕು ಕಿವುಡಾಗಬಹುದು, ತೋಲ ತಪ್ಪಿ ನಡೆಯಬಹುದು. ಜೋರಾಗಿ ತಲೆ ಜಾಡಿಸಿದಾಗ ಕಿವಿಯೊಳಗಿನ ರಕ್ತನಾಳ ಒಡೆದು ಕಿವಿ ಚೀಲದಂತೆ ಊದಿಕೊಳ್ಳುವುದೂ ಇದೆ. ಅದನ್ನು ಸೂಜಿಯಿಂದ ಚುಚ್ಚದೆ ವೈದ್ಯರಿಗೇ ತೋರಿಸಿ.

ಹುಳುಕಡ್ಡಿ: ಮಕ್ಕಳಿರುವ ಮನೆಯವರು ಗಮನಿಸಿ

ಗಜಕರ್ಣ, ನಾಯಟಾ ಎಂದೂ ಕರೆಯುವ ಈ ರೋಗಕ್ಕೆ ಹೆಸರಿನಲ್ಲಿ ಹುಳ ಇದ್ದರೂ ಕಾರಣ ಹುಳವಲ್ಲ, ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯದು. ದುಂಡಗೆ ಕೂದಲು ಉದುರಿ ಹೊಟ್ಟು ಏಳುತ್ತದೆ. ಬೆಕ್ಕಿಗೆ ತುರಿಕೆ ಅಷ್ಟಾಗಿ ಇರದೆಯೂ ಇರಬಹುದು. ಆದರೆ ಬೆಕ್ಕನ್ನು ತಬ್ಬಿ ಮಲಗುವ ಮಕ್ಕಳ ಕೈ, ಕತ್ತು, ತಲೆಗೆ ಇದು ಸುಲಭವಾಗಿ ಅಂಟುತ್ತದೆ. ಮನೆಯಲ್ಲಿ ಮಗುವಿಗೆ ಗಜಕರ್ಣ ಆಗಿದ್ದರೆ ಬೆಕ್ಕನ್ನೂ ನೋಡಿ, ಬೆಕ್ಕಿಗೆ ಆಗಿದ್ದರೆ ಮಕ್ಕಳನ್ನೂ ನೋಡಿ.

ಉದುರಿದ ಕೂದಲಿನಲ್ಲಿ ಈ ಶಿಲೀಂಧ್ರದ ಬೀಜ ಒಂದು ವರ್ಷಕ್ಕೂ ಮೇಲ್ಪಟ್ಟು ಜೀವ ಹಿಡಿದಿರಬಲ್ಲದು. ಆದ್ದರಿಂದ ಹಾಸಿಗೆ ಒಗೆಯುವುದು, ಕೂದಲು ಗುಡಿಸಿ ಸುಡುವುದು ಬಹಳ ಮುಖ್ಯ. ಔಷಧದ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಎರಡು ದಿನ ಕೆಂಪು ಇಳಿದಂತೆ ಕಂಡು ಆಮೇಲೆ ರೋಗ ಇನ್ನಷ್ಟು ಹರಡುತ್ತದೆ. ಇದು ಬೆಕ್ಕಿಗೂ ನಿಜ, ಮನುಷ್ಯರಿಗೂ ನಿಜ. ಬೆಕ್ಕಿಗೆ ವೈದ್ಯರು ಕೊಡುವ ಗುಳಿಗೆ ಅಥವಾ ದ್ರವವನ್ನು ಹಲವು ವಾರ ತಪ್ಪದೆ ಕೊಡಬೇಕಾಗುತ್ತದೆ.

ಆಹಾರ, ಸಿಂಪಡಣೆ ಮತ್ತು ಬೇರೆ ಕಾರಣಗಳು

ಚಿಗಟ ಇಲ್ಲ, ಕಜ್ಜಿ ಇಲ್ಲ, ಆದರೂ ತುರಿಕೆ ನಿಲ್ಲದಿದ್ದರೆ ಆಹಾರದ ಅಲರ್ಜಿ ಇರಬಹುದು. ಹೆಚ್ಚಾಗಿ ತಲೆ, ಕತ್ತು, ಕಿವಿಯ ಸುತ್ತ ಕೆರೆಯುತ್ತದೆ. ಬೆಕ್ಕು ಈವರೆಗೆ ತಿನ್ನದ ಒಂದೇ ಬಗೆಯ ಮಾಂಸವನ್ನು 8 ವಾರ ಕೊಟ್ಟು, ಬೇರೇನೂ ಕೊಡದೆ ನೋಡುವುದೇ ಇದರ ಪರೀಕ್ಷೆ. ಊರಲ್ಲಿ ತಿರುಗುವ ಬೆಕ್ಕಿಗೆ ಇದು ಸುಲಭವಲ್ಲ. ಆದರೆ ಹೊಸ ಪಾಕೀಟಿನ ಆಹಾರ ಶುರು ಮಾಡಿದ ಮೇಲೆ ತುರಿಕೆ ಬಂದಿದ್ದರೆ ಅದನ್ನು ನಿಲ್ಲಿಸಿ ನೋಡಬಹುದು. ಹಾಲು ರೊಟ್ಟಿಯ ಮೇಲೆಯೇ ಬೆಳೆದ ಬೆಕ್ಕಿನ ಕೂದಲು ಒರಟಾಗಿ, ಚರ್ಮ ಒಣಗಿ ಹೊಟ್ಟು ಏಳುತ್ತದೆ. ಬೆಕ್ಕು ಮಾಂಸ ತಿನ್ನುವ ಪ್ರಾಣಿ. ಅದಕ್ಕೆ ಬೇಕಾದ ಕೆಲವು ಸತ್ವಗಳು ರೊಟ್ಟಿಯಲ್ಲಿ ಇಲ್ಲ. ಮಾಂಸ ಮಾಡದ ಮನೆಯವರು ಬೆಕ್ಕಿಗೆಂದೇ ತಯಾರಾದ ಆಹಾರವನ್ನಾದರೂ ಕೊಡಬೇಕು.

ನಮ್ಮ ಭಾಗಕ್ಕೆ ವಿಶೇಷವಾದ ಇನ್ನೊಂದು ಕಾರಣ ತೋಟದ ಸಿಂಪಡಣೆ. ದ್ರಾಕ್ಷಿಯ ಅಕ್ಟೋಬರ ಛಾಟಣಿ ಮುಗಿದ ಮೇಲೆ ಗಂಧಕ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೊ ದ್ರಾವಣ, ಬಗೆಬಗೆಯ ಕೀಟನಾಶಕಗಳು ಬೀಳುತ್ತಲೇ ಇರುತ್ತವೆ. ಒದ್ದೆ ತೋಟದಲ್ಲಿ ಇಲಿ ಹುಡುಕುತ್ತ ಓಡಾಡಿದ ಬೆಕ್ಕಿನ ಪಾದ, ಹೊಟ್ಟೆ ಉರಿಯುತ್ತದೆ. ಅದನ್ನು ನೆಕ್ಕಿದರೆ ವಿಷ ಹೊಟ್ಟೆಗೂ ಹೋಗುತ್ತದೆ. ಸಿಂಪಡಿಸಿದ ದಿನ ಔಷಧ ಒಣಗುವವರೆಗೆ ಬೆಕ್ಕನ್ನು ಮನೆಯಲ್ಲಿ ಕಟ್ಟಿಹಾಕದೆ, ಕೋಣೆಯಲ್ಲಿ ಬಿಟ್ಟು ಬಾಗಿಲು ಹಾಕಿ. ಮೈ ತೊಯ್ದು ಬಂದರೆ ನೆಕ್ಕುವ ಮೊದಲೇ ತೊಳೆಯಿರಿ.

ಬಿಳಿ ಬೆಕ್ಕಿನ ಕಿವಿಯ ತುದಿ, ಮೂಗು ಬಿಸಿಲಿಗೆ ಕೆಂಪಾಗಿ ಹಕ್ಕಳೆ ಕಟ್ಟಿ ವಾಸಿಯಾಗದೆ ಉಳಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವರ್ಷಗಳಲ್ಲಿ ಅದು ಕ್ಯಾನ್ಸರ್ ಆಗಬಲ್ಲದು. ಹೊಸ ಬೆಕ್ಕು ಬಂದದ್ದು, ಮನೆ ಬದಲಾಯಿಸಿದ್ದು ಮುಂತಾದ ಕಾರಣಕ್ಕೆ ದಿಗಿಲುಗೊಂಡ ಬೆಕ್ಕು ಅತಿಯಾಗಿ ನೆಕ್ಕಿಕೊಳ್ಳುವುದೂ ಉಂಟು. ಆದರೆ ಉಳಿದ ಕಾರಣಗಳೆಲ್ಲ ಇಲ್ಲ ಎಂದಾದ ಮೇಲೆಯೇ ಹೀಗೆ ಹೇಳಬೇಕು.

ಇವನ್ನು ಎಂದಿಗೂ ಹಚ್ಚಬೇಡಿ, ಕೊಡಬೇಡಿ

ಬೆಕ್ಕಿಗೆ ಹಚ್ಚಿದ್ದೆಲ್ಲ ಸ್ವಲ್ಪ ಹೊತ್ತಿನಲ್ಲಿ ಅದರ ಹೊಟ್ಟೆ ಸೇರುತ್ತದೆ. ಏಕೆಂದರೆ ಅದು ನೆಕ್ಕುತ್ತದೆ. ಜತೆಗೆ, ಕೆಲವು ರಾಸಾಯನಿಕಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ನಾಯಿ, ದನ, ಮನುಷ್ಯರಿಗಿಂತ ಬಹಳ ಕಡಿಮೆ. ನಾಯಿಗೆ ಒಗ್ಗಿದ್ದು ಬೆಕ್ಕಿಗೆ ವಿಷವಾಗಲು ಇದೇ ಕಾರಣ.

- ದನದ ಉಣ್ಣೆ ಔಷಧ: ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್, ಅಮಿಟ್ರಾಜ್ ಇರುವ ಬಾಟಲಿಗಳು. ನೀರಿಗೆ ಬೆರೆಸಿ ಎಮ್ಮೆಗೆ ಹಚ್ಚುವ ಔಷಧವನ್ನೇ ಬೆಕ್ಕಿಗೂ ಬಳಿಯಬೇಡಿ.
- ನಾಯಿಯ ಚಿಗಟದ ಹನಿ ಔಷಧ: ಇದರಲ್ಲಿ ಪರ್ಮೆಥ್ರಿನ್ ಇದ್ದರೆ ಕೆಲವು ಹನಿಗಳೇ ಬೆಕ್ಕಿನ ಪ್ರಾಣ ತೆಗೆಯಬಲ್ಲವು. ನಾಯಿಗೆ ಹಾಕಿದ ದಿನ ಬೆಕ್ಕು ಅದರ ಪಕ್ಕ ಮಲಗದಂತೆಯೂ ನೋಡಿಕೊಳ್ಳಿ.
- ಮನುಷ್ಯರ ಕಜ್ಜಿ ಔಷಧ: ಬೆಂಜೈಲ್ ಬೆಂಜೋಯೇಟ್ ದ್ರವ, ಪರ್ಮೆಥ್ರಿನ್ ಮುಲಾಮು.
- ಸೀಮೆಎಣ್ಣೆ, ಫಿನೈಲ್, ಡೆಟಾಲ್‌ನಂಥ ದ್ರವ: ಚರ್ಮ ಸುಡುತ್ತದೆ, ನೆಕ್ಕಿದರೆ ಬಾಯಿ ಮತ್ತು ಗಂಟಲು ಹುಣ್ಣಾಗುತ್ತದೆ.
- ತಂಬಾಕಿನ ನೀರು: ನಿಪ್ಪಾಣಿ ಕಡೆಯ ತಂಬಾಕು ಎಲ್ಲ ಮನೆಗಳಿಗೂ ಗೊತ್ತು. ದನದ ಹೇನಿಗೆ ಹಿಂದೆ ಇದನ್ನು ಹಚ್ಚುತ್ತಿದ್ದರು. ಬೆಕ್ಕಿಗೆ ನಿಕೋಟಿನ್ ಘೋರ ವಿಷ.
- ಕರ್ಪೂರ, ನೀಲಗಿರಿ ಎಣ್ಣೆ, ಬೇವಿನ ಎಣ್ಣೆ: ಗಿಡಮೂಲಿಕೆ ಎಂದ ಮಾತ್ರಕ್ಕೆ ಬೆಕ್ಕಿಗೆ ಒಗ್ಗುತ್ತದೆ ಎಂದಲ್ಲ.
- ಕಾಳಿಗೆ, ಇರುವೆಗೆ ಹಾಕುವ ಪುಡಿ: ಹಳಬರು ಗ್ಯಾಮಕ್ಸಿನ್ ಎನ್ನುವ ಬಿ.ಎಚ್.ಸಿ. ಪುಡಿಯನ್ನು ಭಾರತದಲ್ಲಿ 1997ರಲ್ಲೇ ನಿಷೇಧಿಸಲಾಗಿದೆ. ಹಳೆಯ ಡಬ್ಬಿ ಉಳಿದಿದ್ದರೆ ಮುಟ್ಟಬೇಡಿ.
- ಪ್ಯಾರಾಸಿಟಮಾಲ್: ನೋವಿಗೆ, ಜ್ವರಕ್ಕೆ ಎಂದು 500 ಮಿ.ಗ್ರಾಂ.ನ ಒಂದು ಗುಳಿಗೆ ಕೊಟ್ಟರೂ ಬೆಕ್ಕು ಸಾಯಬಹುದು.

ಅರಿಶಿನದ ಬಗ್ಗೆ ಒಂದು ಮಾತು. ಸಾಂಗಲಿ ಅರಿಶಿನಕ್ಕೆ 2018ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅದರ ಹೆಸರು ದೊಡ್ಡದು. ಆದರೆ ಅರಿಶಿನ ಹಚ್ಚಿದರೆ ಚಿಗಟ ಸಾಯುವುದಿಲ್ಲ, ಕಜ್ಜಿ ಹುಳವೂ ಸಾಯುವುದಿಲ್ಲ. ಅದನ್ನೇ ನಂಬಿ ಕುಳಿತರೆ ಚಿಕಿತ್ಸೆಯ ದಿನ ಕಳೆದುಹೋಗುತ್ತದೆ.

ಈಗಾಗಲೇ ಹಚ್ಚಿಬಿಟ್ಟಿದ್ದರೆ?

ಪರ್ಮೆಥ್ರಿನ್ ಜಾತಿಯ ಔಷಧ ಮೈಗೆ ಹತ್ತಿದ ಕೆಲವೇ ಗಂಟೆಗಳಲ್ಲಿ ಜೊಲ್ಲು ಸುರಿಯುವುದು, ಕಿವಿ ಮತ್ತು ಮುಖ ಅದುರುವುದು, ಮೈ ನಡುಗುವುದು, ತೂರಾಡುವುದು, ಕೊನೆಗೆ ಸೆಳೆತ ಬರುವುದು ಕಾಣುತ್ತದೆ. ಲಕ್ಷಣ ಕಾಣಲಿ ಬಿಡಲಿ, ತಪ್ಪು ಔಷಧ ಬಿದ್ದಿದೆ ಎಂದು ಗೊತ್ತಾದ ಕೂಡಲೇ ಹೀಗೆ ಮಾಡಿ.

1. ಉಗುರು ಬೆಚ್ಚನೆಯ ನೀರು ಮತ್ತು ಪಾತ್ರೆ ತೊಳೆಯುವ ಸೌಮ್ಯ ದ್ರವದಿಂದ ಮೈ ತೊಳೆಯಿರಿ. ಬಿಸಿ ನೀರು ಬೇಡ, ತಣ್ಣೀರೂ ಬೇಡ. ಸೆಳೆತ ಬರುತ್ತಿದ್ದರೆ ತೊಳೆಯಲು ನಿಲ್ಲದೆ ನೇರವಾಗಿ ವೈದ್ಯರ ಬಳಿ ಹೋಗಿ.
2. ಟವೆಲ್‌ನಿಂದ ಒರೆಸಿ ಬೆಚ್ಚಗೆ ಸುತ್ತಿ. ಮೈ ತಣ್ಣಗಾದರೆ ನಡುಕ ಹೆಚ್ಚುತ್ತದೆ.
3. ವಾಂತಿ ಮಾಡಿಸಲು ಹೋಗಬೇಡಿ. ಹಾಲು, ಎಣ್ಣೆ, ತುಪ್ಪ ಬಾಯಿಗೆ ಹಾಕಬೇಡಿ. ನಡುಗುವ ಬೆಕ್ಕಿನ ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಹೋಗುತ್ತದೆ.
4. ಔಷಧದ ಬಾಟಲಿ ಅಥವಾ ಡಬ್ಬಿಯನ್ನು ಜತೆಗೆ ಒಯ್ಯಿರಿ. ಏನು ಬಿದ್ದಿದೆ ಎಂದು ತಿಳಿದರೆ ವೈದ್ಯರಿಗೆ ಅರ್ಧ ಕೆಲಸ ಹಗುರ.

ನಡುಕ ಎರಡು ಮೂರು ದಿನ ಉಳಿಯಬಹುದು. ಬೇಗ ಚಿಕಿತ್ಸೆ ಸಿಕ್ಕ ಬೆಕ್ಕುಗಳಲ್ಲಿ ಅನೇಕವು ಬದುಕುತ್ತವೆ. ನಾಚಿಕೆಗೆ, ಬೈಯುತ್ತಾರೆಂಬ ಅಂಜಿಕೆಗೆ ಏನು ಹಚ್ಚಿದಿರಿ ಎಂಬುದನ್ನು ಮುಚ್ಚಿಡಬೇಡಿ.

ಮನೆಯಲ್ಲಿ ನೀವೇ ಮಾಡಬಹುದಾದದ್ದು

- ಬೆಕ್ಕು ಮಲಗುವ ಕೌದಿ, ಗೋಧಡಿ, ಗೋಣಿಚೀಲಗಳನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ನೆನೆಸಿ ಒಗೆದು ಕಡು ಬಿಸಿಲಿನಲ್ಲಿ ಒಣಗಿಸಿ. ಚಿಗಟದ ಮರಿಹುಳ ಬಿಸಿಲಿಗೂ ಒಣ ಹವೆಗೂ ಬದುಕುವುದಿಲ್ಲ.
- ಮಂಚದ ಕೆಳಗೆ, ಒಲೆಯ ಹಿಂದೆ, ಚೀಲಗಳ ಸಂದಿಯಲ್ಲಿ ದಿನವೂ ಗುಡಿಸಿ. ಕಸವನ್ನು ಬಾಗಿಲ ಹೊರಗೆ ಬಿಡದೆ ಸುಟ್ಟುಹಾಕಿ. ಮಣ್ಣು ನೆಲದ ಬಿರುಕುಗಳನ್ನು ಸಾರಿಸಿ ಮುಚ್ಚಿ.
- ದಿನಕ್ಕೊಮ್ಮೆ ಹಣಿಗೆ ಆಡಿಸಿ. ರೂಢಿಯಾದರೆ ಬೆಕ್ಕೇ ಬಂದು ಕೂರುತ್ತದೆ.
- ಗಾಯವಾಗಿದ್ದರೆ ಕುದಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು ಹಾಕಿ ಹತ್ತಿಯಿಂದ ಒರೆಸಿ. ಅಷ್ಟು ಸಾಕು.
- ಗಾಯವನ್ನು ನೆಕ್ಕದಂತೆ, ಮುಖ ಕೆರೆಯದಂತೆ ಹಳೆಯ ಎಕ್ಸ್‌ರೇ ಹಾಳೆ ಅಥವಾ ರಟ್ಟನ್ನು ಲಾಳಿಕೆಯಂತೆ ಸುತ್ತಿ ಕುತ್ತಿಗೆಗೆ ಹಾಕಬಹುದು. ಅಂಚಿಗೆ ಬಟ್ಟೆ ಹೊಲಿಯಿರಿ. ಒಳಗೆ ಎರಡು ಬೆರಳು ಹಿಡಿಸುವಷ್ಟು ಸಡಿಲ ಇರಲಿ.
- ಮನುಷ್ಯರ ಸಾಬೂನು, ಶಾಂಪೂ ಹಾಕಿ ಪದೇ ಪದೇ ಸ್ನಾನ ಮಾಡಿಸಬೇಡಿ. ಚರ್ಮ ಒಣಗಿ ತುರಿಕೆ ಹೆಚ್ಚುತ್ತದೆ.

ಯಾವಾಗ, ಎಲ್ಲಿಗೆ ಹೋಗಬೇಕು?

ಗಾಯದಿಂದ ಕೀವು, ವಾಸನೆ ಬರುತ್ತಿದ್ದರೆ, ಬೆಕ್ಕು ಎರಡು ದಿನ ಊಟ ಬಿಟ್ಟರೆ, ಮುಖದ ಹೊಪ್ಪಳೆಯಿಂದ ಕಣ್ಣು ತೆರೆಯಲಾಗದಿದ್ದರೆ, ಮರಿಯ ವಸಡು ಬಿಳಿಚಿದ್ದರೆ ಅಂದೇ ಹೋಗಿ. ಉಳಿದಂತೆ ಒಂದು ವಾರ ನೋಡಿಯೂ ತುರಿಕೆ ಇಳಿಯದಿದ್ದರೆ ತೋರಿಸಿ.

ಊರಿನ ಹತ್ತಿರದ ಸರಕಾರಿ ಪಶು ದವಾಖಾನೆ ದನಕರುಗಳಿಗೆ ಮಾತ್ರ ಎಂದು ಭಾವಿಸಬೇಡಿ, ಬೆಕ್ಕನ್ನೂ ಒಯ್ದು ಕೇಳಿ. 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸೆಯ ಮಾಹಿತಿ ಮಹಾರಾಷ್ಟ್ರದಲ್ಲೂ ಸಿಗುತ್ತದೆ, ಗಡಿಯಾಚೆ ಕರ್ನಾಟಕದಲ್ಲೂ ಸಿಗುತ್ತದೆ. ನಾಯಿ ಬೆಕ್ಕುಗಳಿಗೆಂದೇ ಇರುವ ಖಾಸಗಿ ದವಾಖಾನೆಗಳು ಸಾಂಗಲಿ, ಮಿರಜದಲ್ಲಿವೆ. ತೀರಾ ಕಠಿಣ ಪ್ರಕರಣಗಳಿಗೆ ಸಾತಾರಾ ಜಿಲ್ಲೆಯ ಶಿರವಳದಲ್ಲಿ ಕ್ರಾಂತಿಸಿಂಹ ನಾನಾ ಪಾಟೀಲ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ.

ಬೆಕ್ಕನ್ನು ಚೀಲದಲ್ಲಿ ಕಟ್ಟಿ ಒಯ್ಯಬೇಡಿ. ಬಿದಿರ ಬುಟ್ಟಿಗೆ ಹಳೆಯ ಬಟ್ಟೆ ಹಾಸಿ ಕೂರಿಸಿ, ಮೇಲೆ ಇನ್ನೊಂದು ಬುಟ್ಟಿ ಮುಚ್ಚಿ ದಾರದಿಂದ ಬಿಗಿಯಿರಿ. ವೈದ್ಯರು ಕೇಳುವ ಪ್ರಶ್ನೆಗಳಿಗೆ ಉತ್ತರ ಸಿದ್ಧವಿರಲಿ: ಎಷ್ಟು ದಿನದಿಂದ, ಎಲ್ಲಿಂದ ಶುರು, ಏನು ತಿನ್ನುತ್ತದೆ, ಏನೇನು ಹಚ್ಚಿದ್ದೀರಿ, ಮನೆಯಲ್ಲಿ ಬೇರೆಯವರಿಗೂ ತುರಿಕೆ ಇದೆಯೇ.

ವೈದ್ಯರು ಮರಾಠಿಯವರಾದರೆ ಈ ಪದಗಳು ಮನೆಯ ಹಿರಿಯರಿಗೂ ಉಪಯೋಗಕ್ಕೆ ಬರುತ್ತವೆ: ತುರಿಕೆಗೆ ಖಾಜ, ಚಿಗಟಕ್ಕೆ ಪಿಸೂ, ಉಣ್ಣೆಗೆ ಗೋಚಿಡ, ಹೇನಿಗೆ ಉವಾ, ಕಜ್ಜಿಗೆ ಖರೂಜ, ಹುಳುಕಡ್ಡಿಗೆ ನಾಯಟಾ ಅಥವಾ ಗಜಕರ್ಣ, ಸೆಳೆತಕ್ಕೆ ಝಟಕೆ.

ಮನೆಮಂದಿಯ ಆರೋಗ್ಯ

ಬೆಕ್ಕಿನ ಚಿಗಟ ಮನುಷ್ಯರ ಕಾಲಿನ ಹಿಮ್ಮಡಿಯ ಸುತ್ತ ಕಡಿಯುತ್ತದೆ. ಬೆಕ್ಕಿನ ಕಜ್ಜಿ ಹುಳ ನಮ್ಮ ಚರ್ಮದಲ್ಲಿ ಬಹಳ ದಿನ ಬದುಕುವುದಿಲ್ಲ, ಆದರೂ ಕೈ ಮತ್ತು ಹೊಟ್ಟೆಯ ಮೇಲೆ ತುರಿಕೆ ತರುತ್ತದೆ. ಬೆಕ್ಕು ವಾಸಿಯಾದರೆ ಅದೂ ನಿಲ್ಲುತ್ತದೆ. ಚಿಗಟದ ಹಿಕ್ಕೆ ಹತ್ತಿದ ಉಗುರಿನಿಂದ ಪರಚಿದಾಗ ಕೆಲವರಿಗೆ ಕಂಕುಳಿನ ಗಂಟು ಊದಿ ಜ್ವರ ಬರುವುದುಂಟು.

ನೋವಿನಲ್ಲಿರುವ ಬೆಕ್ಕು ಔಷಧ ಹಾಕುವಾಗ ಪರಚುತ್ತದೆ, ಕಚ್ಚುತ್ತದೆ. ಒಬ್ಬರು ದಪ್ಪ ಟವೆಲ್‌ನಲ್ಲಿ ಸುತ್ತಿ ಹಿಡಿದರೆ ಇನ್ನೊಬ್ಬರು ಔಷಧ ಹಾಕಬಹುದು. ಪರಚಿದರೆ ಅಥವಾ ಕಚ್ಚಿದರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ಕೇಳಿ. ರೇಬೀಸ್ ನಾಯಿಯಿಂದ ಮಾತ್ರವಲ್ಲ, ಬೆಕ್ಕಿನಿಂದಲೂ ಬರುತ್ತದೆ. ಚರ್ಮ ವಾಸಿಯಾದ ಮೇಲೆ ಬೆಕ್ಕಿಗೂ ರೇಬೀಸ್ ಲಸಿಕೆ ಹಾಕಿಸಿ, ಪ್ರತಿವರ್ಷ ಮರೆಯದೆ ಮುಂದುವರಿಸಿ.

ಕೊಟ್ಟಿಗೆಯ ಔಷಧದ ಬಾಟಲಿಗಳನ್ನು ಇಂದೇ ಒಮ್ಮೆ ನೋಡಿ. ದನದ್ದು, ತೋಟದ್ದು, ಮನೆಯವರದ್ದು ಎಂದು ಬೇರೆ ಬೇರೆ ಇಟ್ಟು ಹೆಸರು ಬರೆದ ಚೀಟಿ ಅಂಟಿಸಿ. ಮನೆಯಲ್ಲಿ ಹಿರಿಯರಿಲ್ಲದ ಹೊತ್ತು ಮಕ್ಕಳು ಬೆಕ್ಕಿನ ಮೇಲಿನ ಪ್ರೀತಿಯಿಂದಲೇ ಯಾವುದೋ ಬಾಟಲಿ ತೆಗೆದು ಹಚ್ಚದಿರಲಿ.